ಪದ್ಯ ಯಾವುದು, ಅರ್ಥ ಯಾವುದು: ಸರಣಿ ಪುಸ್ತಕಗಳ ಅಭಿಮಾನಿಗಳಿಗೆ

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಕರಾವಳಿಯಲ್ಲಿ, ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯ ದಿನಗಳು ಶುರು. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಆ ಪದ್ಯವನ್ನೇ ಹಿಡಿದು ಮಾತು ಬೆಳೆಸುತ್ತಾರೆ. ವಾಲಿ ಮೋಕ್ಷದಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಏನು ಬೇಕಾದರೂ ಕೇಳಬಹುದು, ಎಷ್ಟು ಹೊತ್ತು ಬೇಕಾದರೂ ಕೇಳಬಹುದು. ಬಾಣ ತಾಗಲೇ ಇಲ್ಲ ಎಂದು ಮಾತ್ರ ಹೇಳುವಂತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇಂದಿಗೂ ಜನರ ಬಾಯಲ್ಲಿ ಉಳಿದಿರುವುದು ಪದ್ಯವನ್ನು ದಾಟಿದ್ದಕ್ಕಲ್ಲ, ಪದ್ಯದೊಳಗೆ ಅಷ್ಟು ಜಾಗ ಇದೆ ಎಂದು ತೋರಿಸಿದ್ದಕ್ಕೆ.

ಹ್ಯಾರಿ ಪಾಟರ್, ಪರ್ಸಿ ಜಾಕ್ಸನ್, ಹಂಗರ್ ಗೇಮ್ಸ್ ಎಂದು ಮೈಮರೆತು ಓದುವ ಮಂಗಳೂರು, ಉಡುಪಿಯ ಹುಡುಗ ಹುಡುಗಿಯರು ಮಾಡುತ್ತಿರುವುದೂ ಇದನ್ನೇ. ಸರಣಿಯ ಪಠ್ಯ ಪದ್ಯ. ಅದರ ಮೇಲೆ ಅಭಿಮಾನಿಗಳು ಕಟ್ಟುವ ಊಹೆ, ವಾದ, ಹೊಸ ಕತೆ, ಚಿತ್ರ ಎಲ್ಲವೂ ಅರ್ಥ. ಇವೆರಡರ ಗೆರೆ ಎಲ್ಲಿದೆ ಎಂದು ಗೊತ್ತಿದ್ದರೆ ಅಭಿಮಾನಕ್ಕೆ ಬಲ ಬರುತ್ತದೆ. ಗೊತ್ತಿಲ್ಲದಿದ್ದರೆ ಜಗಳ ಮಾತ್ರ ಉಳಿಯುತ್ತದೆ. ಓದುವ ಕ್ರಮ, ಟಿಪ್ಪಣಿ, ಗುಂಪು, ಕಾನೂನು, ಕೊಳ್ಳುವ ಪ್ರತಿ, ಕೊನೆಗೆ ಮಳೆಗಾಲದ ಬೂಷ್ಟು, ಎಲ್ಲವನ್ನೂ ಈ ಗೆರೆಯಿಂದಲೇ ನೋಡೋಣ.

ಮುಂದೆ ಹಂಗರ್ ಗೇಮ್ಸ್ ಸರಣಿಯ ಕೆಲವು ಗುಟ್ಟುಗಳು ಬಯಲಾಗುತ್ತವೆ. ಮೊದಲ ಮೂರು ಪುಸ್ತಕ ಓದದವರು ಮುಂದಿನ ಮೂರು ಭಾಗ ಬಿಟ್ಟು, ಓದುಗುಂಪಿನ ಭಾಗಕ್ಕೆ ಹೋಗಬಹುದು.

ಪದ್ಯಕ್ಕೂ ಮೆಟ್ಟಿಲುಗಳಿವೆ

ಅಭಿಮಾನಿಗಳು ಮೂಲ ಪಠ್ಯವನ್ನು ಕ್ಯಾನನ್ ಎನ್ನುತ್ತಾರೆ. ಅದರಲ್ಲಿ ಎಲ್ಲದಕ್ಕೂ ಒಂದೇ ತೂಕವಿಲ್ಲ. ಅತ್ಯಂತ ಮೇಲಿನದು ಸರಣಿಯ ಮುಖ್ಯ ಪುಸ್ತಕಗಳಲ್ಲಿ ಅಚ್ಚಾದ ಮಾತು. ನಂತರ ಅದೇ ಲೇಖಕರು ಬರೆದ ಪೂರಕ ಪುಸ್ತಕಗಳು. ಲೇಖಕರು ಸಂದರ್ಶನದಲ್ಲಿ ಹೇಳಿದ್ದು ಅದಕ್ಕೂ ಕೆಳಗೆ. ಸಿನಿಮಾ, ವೆಬ್ ಸರಣಿಗಳದ್ದು ಬೇರೆಯೇ ಪ್ರಸಂಗ. ಯಾರೂ ಬರೆಯದೆ ಅಭಿಮಾನಿಗಳು ಹೇಳಿ ಹೇಳಿ ನಿಜವೆಂಬಂತೆ ನಿಂತ ಮಾತಿಗೆ ಫ್ಯಾನನ್ ಎಂದು ಹೆಸರು. ಒಬ್ಬರೇ ಮನಸ್ಸಿನಲ್ಲಿ ಇಟ್ಟುಕೊಂಡ ನಂಬಿಕೆ ಹೆಡ್‌ಕ್ಯಾನನ್. ಇದರಲ್ಲಿ ಯಾವುದೂ ತಪ್ಪಲ್ಲ. ಯಾವುದನ್ನು ಯಾವ ಮೆಟ್ಟಿಲಲ್ಲಿ ನಿಂತು ಹೇಳುತ್ತಿದ್ದೇವೆ ಎಂದು ತಿಳಿದಿರಬೇಕು, ಅಷ್ಟೆ.

ಹಂಗರ್ ಗೇಮ್ಸ್‌ನ ಮಾಕಿಂಗ್‌ಜೇ ಹಕ್ಕಿಯ ಚಿನ್ನದ ಪಿನ್ನನ್ನೇ ತೆಗೆದುಕೊಳ್ಳಿ. 2008ರಲ್ಲಿ ಬಂದ ಮೊದಲ ಪುಸ್ತಕದಲ್ಲಿ ನಾಯಕಿ ಕ್ಯಾಟ್ನಿಸ್‌ಗೆ ಅದನ್ನು ಕೊಡುವುದು ಮೇಯರ್ ಮಗಳು ಮ್ಯಾಜ್. 2009ರ ಕ್ಯಾಚಿಂಗ್ ಫೈರ್‌ನಲ್ಲಿ ಅದರ ಹಿಂದಿನ ಕತೆ ಬಿಚ್ಚಿಕೊಳ್ಳುತ್ತದೆ: ಪಿನ್ನು ಮೇಸಿಲಿ ಡೋನರ್ ಎಂಬ ಹುಡುಗಿಯದಾಗಿತ್ತು, ಅವಳು ಮ್ಯಾಜ್‌ಳ ತಾಯಿಯ ಅವಳಿ ಸೋದರಿ, ಮಕ್ಕಳನ್ನು ಕಣಕ್ಕಿಳಿಸಿ ಸಾಯುವವರೆಗೆ ಕಾದಾಡಿಸುವ ವರ್ಷಕ್ಕೊಂದರ ಆಟಗಳಲ್ಲಿ 50ನೆಯದರಲ್ಲಿ ಸತ್ತವಳು. 2025ರ ಮಾರ್ಚ್‌ನಲ್ಲಿ ಬಂದ ಸನ್‌ರೈಸ್ ಆನ್ ದ ರೀಪಿಂಗ್‌ನಲ್ಲಿ ಆ ಮೇಸಿಲಿ ಜೀವಂತ ಪಾತ್ರವಾಗಿ ನಮ್ಮೆದುರು ನಿಲ್ಲುತ್ತಾಳೆ. 2012ರ ಸಿನಿಮಾದಲ್ಲಿ ಮ್ಯಾಜ್ ಎಂಬ ಪಾತ್ರವೇ ಇಲ್ಲ, ಪಿನ್ನು ಸಂತೆಯಲ್ಲಿ ಸಿಗುತ್ತದೆ. ಸಿನಿಮಾ ಮಾತ್ರ ನೋಡಿದವರಿಗೆ ಅದೊಂದು ಒಡವೆ. ಪುಸ್ತಕ ಓದಿದವರಿಗೆ ಅದು 24 ವರ್ಷ ಹಿಂದೆ ಸತ್ತ ಹುಡುಗಿಯೊಬ್ಬಳ ವಸ್ತು, ಈಗ ಅಂಥದ್ದೇ ಕಣಕ್ಕೆ ಇಳಿಯುತ್ತಿದೆ. ಇಬ್ಬರೂ ಪಿನ್ನಿನ ಬಗ್ಗೆ ಚರ್ಚೆಗೆ ಕೂತರೆ ಮಾತು ಕೂಡುವುದೇ ಇಲ್ಲ. ಆದ್ದರಿಂದ ಮೊದಲು ಕೇಳಬೇಕಾದ್ದು, ನೀವು ಹೇಳುತ್ತಿರುವುದು ಪುಸ್ತಕದ್ದೋ ಸಿನಿಮಾದ್ದೋ?

ಕೆಲವೊಮ್ಮೆ ಪದ್ಯವೇ ತಿದ್ದುಪಡಿ ಆಗುತ್ತದೆ. ಹ್ಯಾರಿ ಪಾಟರ್‌ನ ನಾಲ್ಕನೇ ಪುಸ್ತಕ 2000ದಲ್ಲಿ ಬಂತು. ಅದರ ಕೊನೆಯಲ್ಲಿ ಒಂದು ಮಂತ್ರದಂಡದಿಂದ ಸತ್ತವರ ನೆರಳುಗಳು ಹಿಂದುಮುಂದಾಗಿ ಹೊರಬರುತ್ತವೆ: ಕೊನೆಗೆ ಸತ್ತವರು ಮೊದಲು. ಹ್ಯಾರಿಯ ತಂದೆ ಸತ್ತ ಮೇಲೆ ತಾಯಿ ಸತ್ತದ್ದು, ಹಾಗಾಗಿ ತಾಯಿ ಮೊದಲು ಕಾಣಬೇಕು. ಆರಂಭದ ಮುದ್ರಣಗಳಲ್ಲಿ ತಂದೆ ಮೊದಲು ಬಂದಿದ್ದರು. ಓದುಗರು ಅದನ್ನು ಹಿಡಿದರು, ಮುಂದಿನ ಮುದ್ರಣಗಳಲ್ಲಿ ಸರಿಯಾಯಿತು. ಹಳೆಯ ಪ್ರತಿ ಇಟ್ಟುಕೊಂಡು ‘ತಂದೆಯೇ ಆಮೇಲೆ ಸತ್ತಿರಬೇಕು’ ಎಂದು ದೊಡ್ಡ ಸಿದ್ಧಾಂತ ಕಟ್ಟುವವರು ಇಲ್ಲಿ ಬೀಳುತ್ತಾರೆ. ನಿಮ್ಮ ಕೈಯಲ್ಲಿರುವುದು ಎಷ್ಟನೇ ಮುದ್ರಣ ಎಂದು ನೋಡುವ ಅಭ್ಯಾಸ ಅಭಿಮಾನಿಗೆ ಬೇಕಾಗುವುದು ಇಂಥ ಕಡೆ.

ಯಾವುದನ್ನು ಮೊದಲು ಓದಬೇಕು

ಸರಣಿಗೆ ಎರಡು ಕ್ರಮ ಇರುತ್ತವೆ: ಪುಸ್ತಕಗಳು ಪ್ರಕಟವಾದ ಕ್ರಮ, ಕತೆಯೊಳಗೆ ಘಟನೆಗಳು ನಡೆದ ಕ್ರಮ. ಮೊದಲ ಓದಿಗೆ ಪ್ರಕಟಣೆಯ ಕ್ರಮವೇ ಸರಿ. ಲೇಖಕರು ಓದುಗರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ಲೆಕ್ಕ ಹಾಕಿಯೇ ಪ್ರತಿ ಪುಸ್ತಕ ಬರೆದಿರುತ್ತಾರೆ. ಕಾಲಕ್ರಮ ಹಿಡಿದರೆ ಆ ಲೆಕ್ಕ ತಪ್ಪುತ್ತದೆ.

ಹಂಗರ್ ಗೇಮ್ಸ್‌ನಲ್ಲಿ ಇದು ಸ್ಪಷ್ಟ. ಮೂರು ಪುಸ್ತಕಗಳು 2008ರಿಂದ 2010ರೊಳಗೆ ಬಂದವು. 2020ರಲ್ಲಿ ಬಂದ ದ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಆ್ಯಂಡ್ ಸ್ನೇಕ್ಸ್ ಕತೆಯ ಪ್ರಕಾರ ಎಲ್ಲಕ್ಕಿಂತ ಹಿಂದಿನದು. ಮೂರನೇ ಪುಸ್ತಕದಲ್ಲಿ ಕ್ಯಾಟ್ನಿಸ್ ಹಾಡುವ ನೇಣುಮರದ ಹಾಡು ಎಲ್ಲಿ ಹುಟ್ಟಿತು ಎಂದು ಈ ಪುಸ್ತಕ ತೋರಿಸುತ್ತದೆ. ಮೊದಲು ಇದನ್ನು ಓದಿದವರಿಗೆ ಅದೊಂದು ಹಾಡು ಅಷ್ಟೆ. ಮೂರೂ ಮುಗಿಸಿ ಬಂದವರಿಗೆ ಆ ಪುಟದಲ್ಲಿ ಮೈ ಜುಮ್ಮೆನ್ನುತ್ತದೆ.

ನಾರ್ನಿಯಾದ 7 ಪುಸ್ತಕಗಳ ವಿಷಯದಲ್ಲಿ ಪ್ರಕಾಶಕರೇ ಗೊಂದಲಕ್ಕೆ ಕಾರಣ. 1955ರಲ್ಲಿ ಆರನೆಯದಾಗಿ ಬಂದ ದ ಮೆಜಿಶಿಯನ್ಸ್ ನೆಫ್ಯೂಗೆ 1994ರಿಂದ ಈಚಿನ ಹಾರ್ಪರ್‌ಕಾಲಿನ್ಸ್ ಪ್ರತಿಗಳಲ್ಲಿ 1 ಎಂದು ಅಂಕಿ ಹಾಕಿದ್ದಾರೆ, ಕತೆಯ ಕಾಲಕ್ಕೆ ಅದು ಮೊದಲು ಎಂದು. 1950ರಲ್ಲಿ ಮೊದಲು ಬಂದ, ಬೀರುವಿನೊಳಗಿಂದ ಹಿಮದ ನಾಡಿಗೆ ಹೋಗುವ ಪುಸ್ತಕಕ್ಕೆ 2. ಬೆನ್ನಿನ ಮೇಲಿನ ಅಂಕಿ ನಂಬದೆ, ಒಳಗೆ ಕಾಪಿರೈಟ್ ಪುಟದಲ್ಲಿರುವ ಮೊದಲ ಪ್ರಕಟಣೆಯ ವರ್ಷ ನೋಡಿ ಜೋಡಿಸಿಕೊಳ್ಳಿ.

ಪರ್ಸಿ ಜಾಕ್ಸನ್ ಲೋಕ ದೊಡ್ಡದು, ಆದರೆ ದಾರಿ ಸುಲಭ. 2005ರಿಂದ 2009ರವರೆಗಿನ ಮೊದಲ 5, ಆಮೇಲೆ 2010ರಿಂದ 2014ರವರೆಗಿನ ಹೀರೋಸ್ ಆಫ್ ಒಲಿಂಪಸ್‌ನ 5, ಆಮೇಲೆ 2016ರಿಂದ 2020ರವರೆಗಿನ ಟ್ರಯಲ್ಸ್ ಆಫ್ ಅಪೊಲೊದ 5. ಈಜಿಪ್ಟಿನ ದೇವತೆಗಳ ಮೂರು, ನಾರ್ಸ್ ದೇವತೆಗಳ ಮೂರು ಪುಸ್ತಕಗಳನ್ನು ಬೇಕಾದಾಗ ನಡುವೆ ಸೇರಿಸಿಕೊಳ್ಳಬಹುದು. 2023ರಲ್ಲಿ ಬಂದ ದ ಚಾಲಿಸ್ ಆಫ್ ದ ಗಾಡ್ಸ್‌ನ ಮುಖಪುಟದಲ್ಲಿ ಪರ್ಸಿಯ ಹೆಸರು ಕಂಡು, ಆರನೇ ಪುಸ್ತಕ ಎಂದು ಮೊದಲ 5ರ ನಂತರ ಎತ್ತಿಕೊಳ್ಳಬೇಡಿ. ಕತೆ ನಡೆಯುವುದು ಹೀರೋಸ್ ಸರಣಿ ಮುಗಿದ ಮೇಲೆ.

ಅಂದಹಾಗೆ, ಅಂಗಡಿಯವರು ‘ಯಂಗ್ ಅಡಲ್ಟ್’ ಎಂದು ಒಂದೇ ಸಾಲಿನಲ್ಲಿ ಇಡುವ ಪುಸ್ತಕಗಳು ಪ್ರಕಾಶಕರ ಲೆಕ್ಕದಲ್ಲಿ ಎರಡು ಬಗೆ. 8ರಿಂದ 12 ವರ್ಷದವರಿಗೆ ಬರೆದದ್ದು ಮಿಡ್ಲ್ ಗ್ರೇಡ್, 12ರಿಂದ 18ರವರಿಗೆ ಬರೆದದ್ದು ಯಂಗ್ ಅಡಲ್ಟ್. ಪರ್ಸಿ ಮೊದಲ ಪುಸ್ತಕದಲ್ಲಿ 12ರ ಹುಡುಗ, ಮೊದಲ ಬಗೆ. ಕ್ಯಾಟ್ನಿಸ್ 16ರವಳು, ಎರಡನೇ ಬಗೆ. ಮಕ್ಕಳು ಮಕ್ಕಳನ್ನು ಕೊಲ್ಲುವ ಕತೆ ಅದು. ಐದನೇ ಕ್ಲಾಸಿನ ಮಗುವಿಗೆ ಉಡುಗೊರೆ ಕೊಡುವ ಮಾವ, ಚಿಕ್ಕಮ್ಮಂದಿರು ಇದನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಆ ವಯಸ್ಸಿನವರಿಗೆ ರೋಶನಿ ಚೋಕ್ಶಿಯವರ ಆರು ಶಾ ಸರಣಿ ಕೊಡಬಹುದು. 2018ರಿಂದ 2022ರವರೆಗೆ ಬಂದ 5 ಪುಸ್ತಕ, ಪಾಂಡವರ ಆತ್ಮಗಳು ಈ ಕಾಲದ ಮಕ್ಕಳಲ್ಲಿ ಹುಟ್ಟಿಬಂದಿವೆ ಎಂಬ ಕತೆ. ಆರುವಿನದು ಅರ್ಜುನನ ಆತ್ಮ, ಮಿನಿಯದು ಧರ್ಮರಾಯನದು. ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮ ಮಕ್ಕಳು ಇದನ್ನು ಅಮೆರಿಕದ ಓದುಗರಿಗಿಂತ ಒಂದು ಹೆಜ್ಜೆ ಮುಂದೆ ನಿಂತು ಓದುತ್ತಾರೆ, ಆ ಹೆಮ್ಮೆ ಅವರಿಗೆ ಇರಲಿ.

ಎಡ ಪುಟ, ಬಲ ಪುಟ

ಗಟ್ಟಿ ಅಭಿಮಾನಿಗೆ ಬೇಕಾದ ಸಲಕರಣೆ ಒಂದು 200 ಪುಟದ ಲಾಂಗ್ ಬುಕ್. ಬಿಚ್ಚಿದಾಗ ಎಡಕ್ಕೆ ಬರುವ ಪುಟದಲ್ಲಿ ಪುಸ್ತಕ ಹೇಳಿದ್ದು ಮಾತ್ರ, ಬಲಕ್ಕೆ ಬರುವ ಪುಟದಲ್ಲಿ ನಿಮ್ಮ ಊಹೆ. ಎಡಬದಿಯ ಪ್ರತಿ ಟಿಪ್ಪಣಿಗೂ ಮೂರು ಗುರುತು ಬೇಕು: ಯಾವ ಪುಸ್ತಕ, ಎಷ್ಟನೇ ಅಧ್ಯಾಯ, ಯಾರು ಹೇಳಿದ್ದು. ಪುಟ ಸಂಖ್ಯೆ ಬರೆದು ಪ್ರಯೋಜನವಿಲ್ಲ. ಬ್ರಿಟಿಷ್, ಅಮೆರಿಕನ್, ಭಾರತೀಯ ಮುದ್ರಣಗಳಲ್ಲಿ ಪುಟ ಬೇರೆ ಬೇರೆ, ಇ-ಪುಸ್ತಕದಲ್ಲಿ ಅಕ್ಷರ ದೊಡ್ಡದು ಮಾಡಿದರೆ ಅಲ್ಲೂ ಬದಲು. ಅಧ್ಯಾಯ ಎಲ್ಲದರಲ್ಲೂ ಒಂದೇ.

ಯಾರು ಹೇಳಿದ್ದು ಎಂಬುದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಸಿದ್ಧಾಂತಗಳು ಕುಸಿಯುವುದೂ ಅಲ್ಲೇ. ಹಂಗರ್ ಗೇಮ್ಸ್‌ನ ಮೂರು ಪುಸ್ತಕಗಳನ್ನು ಕ್ಯಾಟ್ನಿಸ್ ತನ್ನ ಬಾಯಿಂದ, ವರ್ತಮಾನ ಕಾಲದಲ್ಲಿ ಹೇಳುತ್ತಾಳೆ. ಆ ಕ್ಷಣಕ್ಕೆ ಅವಳಿಗೆ ಗೊತ್ತಿರುವಷ್ಟೇ ನಮಗೂ ಗೊತ್ತು. ತನ್ನ ಊರಿಂದಲೇ ಕಣಕ್ಕಿಳಿದ ಪೀಟಾ ತನ್ನನ್ನು ಕೊಲ್ಲಲು ಬೇರೆಯವರ ಜೊತೆ ಸೇರಿದ್ದಾನೆ ಎಂದು ಅವಳು ಅಂದುಕೊಂಡರೆ ಎಡಪುಟದಲ್ಲಿ ‘ಪೀಟಾ ಶತ್ರುಗಳ ಜೊತೆ ಸೇರಿದ’ ಎಂದು ಬರೆಯಬಾರದು. ‘ಸೇರಿದ್ದಾನೆ ಎಂದು ಕ್ಯಾಟ್ನಿಸ್ ತಿಳಿದಳು’ ಎಂದು ಬರೆಯಬೇಕು. ಪರ್ಸಿಯೂ ತನ್ನ ಕತೆ ತಾನೇ ಹೇಳುತ್ತಾನೆ, ಆದರೆ ಆಗಿಹೋದದ್ದನ್ನು. ಮುಂದಿನದು ಗೊತ್ತಿದ್ದೂ ಹೇಳದೆ ಇರಬಲ್ಲ. ಹ್ಯಾರಿಯ ಕತೆಯನ್ನು ಬೇರೊಬ್ಬ ನಿರೂಪಕ ಹೇಳುತ್ತಾನೆ, ಹೆಚ್ಚಿನ ಕಡೆ ಹ್ಯಾರಿಯ ಭುಜದ ಹಿಂದೆ ನಿಂತೇ. ಮೂರು ಬಗೆಯ ನಿರೂಪಣೆ, ಮೂರು ಬಗೆಯ ನಂಬಿಕೆ.

ಊಹೆಯನ್ನು ಪರೀಕ್ಷಿಸಲು ಕೂಡಿಸಿ ಕಳೆಯುವ ಲೆಕ್ಕ ಒಳ್ಳೆಯ ಒರೆಗಲ್ಲು. ಮೊದಲ ಪುಸ್ತಕದ್ದು 74ನೇ ಆಟ. ಕ್ಯಾಟ್ನಿಸ್‌ಳ ಮಾರ್ಗದರ್ಶಿ ಹೇಮಿಚ್ ಆಡಿದ್ದು 50ನೆಯದು, ಆಗ ಅವನಿಗೆ 16. ಹಾಗಾದರೆ ಕ್ಯಾಟ್ನಿಸ್ ಅವನನ್ನು ಹೊಟ್ಟೆ ಬಂದ, ಕುಡುಕ ನಡುವಯಸ್ಕನಾಗಿ ಕಾಣುವಾಗ ಅವನ ವಯಸ್ಸು 40. ಬ್ಯಾಲಡ್‌ನಲ್ಲಿ 10ನೇ ಆಟ, ಮುಂದೆ ಅಧ್ಯಕ್ಷನಾಗುವ ಸ್ನೋಗೆ 18; ಮೊದಲ ಪುಸ್ತಕದ ಅಧ್ಯಕ್ಷನಿಗೆ 82. ಯಾವುದಾದರೂ ಎರಡು ಪಾತ್ರಗಳು ಸಹಪಾಠಿಗಳಾಗಿದ್ದವು, ತಾಯಿ ಮಗಳಾಗಿದ್ದವು ಎಂಬ ಊಹೆ ಕೇಳಿಬಂದರೆ ಮೊದಲು ಈ ರೀತಿ ವಯಸ್ಸು ಹಾಕಿ ನೋಡಿ. ಅರ್ಧಕ್ಕರ್ಧ ಊಹೆಗಳು ಇಲ್ಲೇ ಬಿದ್ದುಹೋಗುತ್ತವೆ. ಉಳಿದವಕ್ಕೆ ಇನ್ನೊಂದು ಪ್ರಶ್ನೆ: ಇದು ಸುಳ್ಳಾಗಬೇಕಾದರೆ ಪುಸ್ತಕದಲ್ಲಿ ಏನಿರಬೇಕಿತ್ತು? ಅದನ್ನು ಹುಡುಕಿ. ಪರವಾದ ಸಾಲುಗಳನ್ನಷ್ಟೇ ಹೆಕ್ಕುತ್ತ ಹೋದರೆ ಯಾವ ಊಹೆಯನ್ನೂ ಗೆಲ್ಲಿಸಬಹುದು.

ಮಳೆಗಾಲದ ಓದುಗುಂಪು

ಜೂನ್‌ನಿಂದ ಆಗಸ್ಟ್‌ವರೆಗೆ ಆಟದ ಮೈದಾನವೆಲ್ಲ ಕೆಸರು. ಜಿಲ್ಲಾಧಿಕಾರಿ ರಜೆ ಘೋಷಿಸಿದ ದಿನ ಮಕ್ಕಳು ಮನೆಯಲ್ಲೇ. ಗುಂಪು ಕಟ್ಟಿ ಓದಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆರರಿಂದ ಎಂಟು ಜನ ಸಾಕು. ಹತ್ತು ದಾಟಿದರೆ ಮೂವರು ಮಾತಾಡಿ ಉಳಿದವರು ಮೊಬೈಲ್ ನೋಡುತ್ತಾರೆ.

ಹಂಗರ್ ಗೇಮ್ಸ್‌ನ ಮೊದಲ ಮೂರು ಪುಸ್ತಕಗಳು ಗುಂಪಿಗೆ ಹೇಳಿ ಮಾಡಿಸಿದಂತಿವೆ. ಪ್ರತಿಯೊಂದರಲ್ಲೂ 27 ಅಧ್ಯಾಯ, ಒಂಬತ್ತೊಂಬತ್ತರ ಮೂರು ಭಾಗ. ವಾರಕ್ಕೆ ಒಂದು ಭಾಗ ಎಂದರೆ ಪುಸ್ತಕಕ್ಕೆ ಮೂರು ವಾರ, ಮೂರೂ ಪುಸ್ತಕಕ್ಕೆ ಒಂಬತ್ತು ವಾರ. ಜೂನ್ ಎರಡನೇ ವಾರ ಶುರು ಮಾಡಿದರೆ ಆಗಸ್ಟ್ ಮಧ್ಯದೊಳಗೆ ಮುಗಿಯುತ್ತದೆ, ಚೌತಿಯ ಗಡಿಬಿಡಿಗೂ ಅರ್ಧವಾರ್ಷಿಕ ಪರೀಕ್ಷೆಗೂ ಮೊದಲೇ.

ಕೂತಾಗ ಏನು ಮಾಡಬೇಕು? ತಾಳಮದ್ದಳೆಯ ಪದ್ಧತಿಯನ್ನೇ ತನ್ನಿ. ಒಬ್ಬರು ಭಾಗವತರ ಸ್ಥಾನದಲ್ಲಿ ಕೂತು ಆ ವಾರದ ಭಾಗದಿಂದ ಒಂದು ಪುಟವನ್ನು ಗಟ್ಟಿಯಾಗಿ ಓದಲಿ. ಆಮೇಲೆ ಇಬ್ಬರು ಎರಡು ಪಾತ್ರಗಳ ಪರ ವಾದಿಸಲಿ, ಹತ್ತು ಹತ್ತು ನಿಮಿಷ. ನಿಯಮ ಇಷ್ಟೇ: ಆ ಅಧ್ಯಾಯದವರೆಗೆ ಆ ಪಾತ್ರಕ್ಕೆ ಗೊತ್ತಿರುವುದನ್ನು ಮಾತ್ರ ಬಳಸಬೇಕು. ಪೀಟಾನಾಗಿ ಮಾತಾಡುವವರು ಕ್ಯಾಟ್ನಿಸ್‌ಳ ಮನಸ್ಸಿನಲ್ಲಿದ್ದದ್ದನ್ನು ಹೇಳಿದರೆ ಉಳಿದವರು ತಡೆಯಬಹುದು. ಕನ್ನಡ, ತುಳು, ಕೊಂಕಣಿ, ಬ್ಯಾರಿ, ಯಾವ ಭಾಷೆಯಲ್ಲಾದರೂ ವಾದಿಸಲಿ. ಇಂಗ್ಲಿಷಿನಲ್ಲಿ ಓದಿದ್ದನ್ನು ಮನೆಮಾತಿನಲ್ಲಿ ವಾದಿಸಬೇಕಾದಾಗ, ಅರ್ಥವಾಗದೆ ದಾಟಿಸಿದ ವಾಕ್ಯಗಳೆಲ್ಲ ತಾವಾಗಿ ಹೊರಬೀಳುತ್ತವೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದರಿಂದ ಬಹಳ ಅನುಕೂಲ. ಅವರಿಗೆ ಇನ್ನೊಂದು ಸಲಹೆ: ಗೊತ್ತಿಲ್ಲದ ಶಬ್ದ ಮೂರನೇ ಸಲ ಎದುರಾದಾಗ ಡಿಕ್ಷನರಿ ನೋಡಿದರೆ ಸಾಕು. ಅರ್ಧದಷ್ಟು ಲೇಖಕರೇ ಹುಟ್ಟಿಸಿದ ಶಬ್ದಗಳು, ಡಿಕ್ಷನರಿಯಲ್ಲಿ ಸಿಗುವುದಿಲ್ಲ.

ಗುಂಪು ಒಡೆಯುವುದು ಹೆಚ್ಚಾಗಿ ಸ್ಪಾಯ್ಲರ್‌ನಿಂದ. ಮುಂದೆ ಓದಿದವರು, ಸಿನಿಮಾ ನೋಡಿದವರು ಬಾಯಿ ಬಿಟ್ಟುಬಿಡುತ್ತಾರೆ. ‘ಹೇಳಬೇಡಿ’ ಎಂದರೆ ಸಾಲದು, ಅವರಿಗೆ ಕೆಲಸ ಕೊಡಿ: ಪೂರ್ತಿ ಓದಿದವರೇ ಭಾಗವತರಾಗಿ ಪುಟ ಆರಿಸಲಿ. ಯಾವ ಪುಟದಲ್ಲಿ ಮುಂದಿನದರ ಬೀಜ ಇದೆ ಎಂದು ಅವರಿಗೆ ಗೊತ್ತು, ಹೇಳದೆಯೇ ಆ ಗುಟ್ಟಿನ ಸುಖ ಸಿಗುತ್ತದೆ.

ಹೊಸ ಕತೆ ಬರೆಯುವವರಿಗೆ

ಪುಸ್ತಕದ ಪಾತ್ರಗಳನ್ನಿಟ್ಟುಕೊಂಡು ತಾವೇ ಕತೆ ಬರೆಯುವುದು ಫ್ಯಾನ್ ಫಿಕ್ಷನ್. ಇದಕ್ಕಿರುವ ದೊಡ್ಡ ಭಂಡಾರ 2009ರಲ್ಲಿ ಎಲ್ಲರಿಗೂ ತೆರೆದ ಆರ್ಕೈವ್ ಆಫ್ ಅವರ್ ಓನ್ ಎಂಬ ಜಾಲತಾಣ. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕತೆ, ಫ್ಯಾಂಟಸಿ ಬರಹಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯೂ ಬಂತು. ಅಲ್ಲಿ ಓದುವ ಮೊದಲು ಪ್ರತಿ ಕತೆಯ ನೆತ್ತಿಯ ಮೇಲಿರುವ ಗುರುತು ನೋಡಬೇಕು: ಎಲ್ಲರಿಗೆ, ಹದಿಹರೆಯದವರಿಗೆ, ಪ್ರೌಢರಿಗೆ, ವಯಸ್ಕರಿಗೆ ಮಾತ್ರ ಎಂದು ನಾಲ್ಕು ದರ್ಜೆ. ಎರಡು ಹೆಸರಿನ ನಡುವೆ ಓರೆಗೆರೆ ಇದ್ದರೆ ಪ್ರೇಮಕತೆ, ‘&’ ಚಿಹ್ನೆ ಇದ್ದರೆ ಸ್ನೇಹದ ಕತೆ. ಮಕ್ಕಳ ಪುಸ್ತಕದ ಹೆಸರು ಕಂಡಿತು ಎಂದು ಒಳಗಿರುವುದೆಲ್ಲ ಮಕ್ಕಳಿಗೆ ಎಂದುಕೊಳ್ಳಬಾರದು. ಮನೆಯವರೂ ಇದನ್ನು ತಿಳಿದಿರಬೇಕು.

ಕಾನೂನು ಸ್ವಲ್ಪ ಗಟ್ಟಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರ ಜೀವಮಾನ ಮತ್ತು ಆಮೇಲಿನ 60 ವರ್ಷ ಹಕ್ಕು ಅವರದ್ದು, ಅವರ ವಾರಸುದಾರರದ್ದು. ಅನುವಾದವೂ ರೂಪಾಂತರವೂ ಆ ಹಕ್ಕಿನೊಳಗೇ ಬರುತ್ತವೆ. ಹಾಗಾಗಿ ಪ್ರೀತಿಯಿಂದ ಇಡೀ ಪುಸ್ತಕವನ್ನು ಕನ್ನಡಕ್ಕೆ ತಂದು ಪಿಡಿಎಫ್ ಮಾಡಿ ಹಂಚಿದರೆ, ಒಂದು ರೂಪಾಯಿ ತೆಗೆದುಕೊಳ್ಳದಿದ್ದರೂ ಅದು ಉಲ್ಲಂಘನೆ. ನೋಟ್‌ಬುಕ್‌ನಲ್ಲಿ ನಿಮಗಾಗಿ ಅನುವಾದಿಸಿಕೊಳ್ಳಿ. ಭಾಷೆ ಕಲಿಯಲು ಅಂಥ ಅಭ್ಯಾಸ ಇನ್ನೊಂದಿಲ್ಲ. ಖಾಸಗಿ ಬಳಕೆ, ವಿಮರ್ಶೆಗೆ ಸೆಕ್ಷನ್ 52 ಅವಕಾಶ ಕೊಡುತ್ತದೆ, ಆದ್ದರಿಂದ ಪುಸ್ತಕದ ಬಗ್ಗೆ ಬರೆಯುವಾಗ ನಾಲ್ಕು ಸಾಲು ಉದ್ಧರಿಸಲು ಹೆದರಬೇಕಿಲ್ಲ. ಕಾಲೇಜು ಫೆಸ್ಟ್‌ನಲ್ಲಿ ಪಾತ್ರದ ವೇಷ ಹಾಕುವುದು ಬೇರೆ, ಸರಣಿಯ ಲಾಂಛನ ಟಿ-ಶರ್ಟಿಗೆ ಅಚ್ಚು ಹಾಕಿಸಿ ಸ್ಟಾಲ್‌ನಲ್ಲಿ ಮಾರುವುದು ಬೇರೆ. ಎರಡನೆಯದಕ್ಕೆ ಟ್ರೇಡ್‌ಮಾರ್ಕ್ ಅಡ್ಡ ಬರುತ್ತದೆ.

ಕೈಯಲ್ಲಿರುವ ಪ್ರತಿ ಅಸಲಿಯೇ

ಪದ್ಯ ಹಿಡಿದು ವಾದ ಮಾಡುವವರಿಗೆ ಪದ್ಯ ಶುದ್ಧವಾಗಿರಬೇಕು. ಫುಟ್‌ಪಾತಿನಲ್ಲಿ ನೂರೈವತ್ತಕ್ಕೆ ಸಿಗುವ ದಪ್ಪ ಪುಸ್ತಕದಲ್ಲಿ ಆ ಭರವಸೆ ಇಲ್ಲ. ನಕಲಿ ಪ್ರತಿಗಳನ್ನು ಎರಡು ರೀತಿ ಮಾಡುತ್ತಾರೆ. ಮೊದಲನೆಯದು ಪುಟಗಳನ್ನು ಸ್ಕ್ಯಾನ್ ಮಾಡಿ ಹಾಗೇ ಅಚ್ಚು ಹಾಕಿದ್ದು: ಸಾಲು ಓರೆ, ಅಕ್ಷರದ ಅಂಚು ಮಸಕು, ಚಿತ್ರಗಳು ಕಪ್ಪು ಮುದ್ದೆ. ಇದರಲ್ಲಿ ಪಠ್ಯ ಬಹುತೇಕ ಸರಿಯಿರುತ್ತದೆ. ಎರಡನೆಯದು ಕಂಪ್ಯೂಟರಿನಿಂದ ಓದಿಸಿ ಮತ್ತೆ ಜೋಡಿಸಿದ್ದು. ನೋಡಲು ಚಂದ, ಒಳಗೆ ಅಪಾಯ: ಇಂಗ್ಲಿಷಿನ ಆರ್, ಎನ್ ಅಕ್ಷರಗಳು ಸೇರಿ ಎಮ್ ಆಗಿರುತ್ತವೆ, ಓರೆ ಅಕ್ಷರದಲ್ಲಿದ್ದ ಮನಸ್ಸಿನ ಮಾತು ನೇರ ಅಕ್ಷರಕ್ಕೆ ಬಂದು ಯಾರ ಮಾತು ಎಂದೇ ತಿಳಿಯುವುದಿಲ್ಲ, ಪ್ಯಾರಾಗಳೇ ಹಾರಿಹೋಗಿರುತ್ತವೆ. ಕೊಳ್ಳುವ ಮೊದಲು ಪುಟ ಸಂಖ್ಯೆಗಳನ್ನು ಸರಸರನೆ ತಿರುವಿ ನೋಡಿ. ಪುಸ್ತಕ ಫಾರಂ ಲೆಕ್ಕದಲ್ಲಿ, ಹೆಚ್ಚಾಗಿ 16 ಪುಟದ ಕಟ್ಟುಗಳಾಗಿ ಸೇರುವುದರಿಂದ, ತಪ್ಪಿದರೆ ಒಂದಿಡೀ ಫಾರಂ ಕಾಣೆಯಾಗಿರುತ್ತದೆ ಅಥವಾ ಎರಡು ಸಲ ಬಂದಿರುತ್ತದೆ.

ಆಮೇಲೆ ಐಎಸ್‌ಬಿಎನ್, ಅಂದರೆ ಪುಸ್ತಕದ ಪ್ರತಿ ಆವೃತ್ತಿಗೂ ಇರುವ ಗುರುತಿನ ಸಂಖ್ಯೆ. ಹಿಂಬದಿ ರಕ್ಷಾಪುಟದ ಬಾರ್‌ಕೋಡಿನ ಮೇಲಿರುವ 13 ಅಂಕಿ, 2007ರ ಜನವರಿಯಿಂದ ಈ ರೂಪ. ಅದಕ್ಕೂ ಹಿಂದೆ 10 ಅಂಕಿ ಇತ್ತು. ಕೊನೆಯ ಅಂಕಿ ಉಳಿದ 12ರ ಮೇಲೆ ನಿಂತ ತಾಳೆ ಅಂಕಿ. ಲೆಕ್ಕ ಸುಲಭ. ಹ್ಯಾರಿ ಪಾಟರ್‌ನ ಮೊದಲ ಪುಸ್ತಕದ 1997ರ ಗಟ್ಟಿರಟ್ಟಿನ ಆವೃತ್ತಿಯ ಸಂಖ್ಯೆಯನ್ನು ಇಂದಿನ ರೂಪಕ್ಕೆ ತಂದರೆ 978-0-7475-3269-9. ಬೆಸ ಸ್ಥಾನದ ಅಂಕಿಗಳು 9, 8, 7, 7, 3, 6, ಮೊತ್ತ 40. ಸಮ ಸ್ಥಾನದವು 7, 0, 4, 5, 2, 9. ಮೊತ್ತ 27, ಅದರ ಮೂರು ಪಟ್ಟು 81. ಎರಡೂ ಸೇರಿ 121. ಮುಂದಿನ ಹತ್ತರ ಗುಣಕ 130 ತಲುಪಲು 9 ಬೇಕು, ಕೊನೆಯ ಅಂಕಿಯೂ 9. ತಾಳೆಯಾಯಿತು. ಲೆಕ್ಕ ಕೂಡದಿದ್ದರೆ ಸಂಖ್ಯೆಯೇ ಕಟ್ಟಿದ್ದು ಅಥವಾ ತಪ್ಪಾಗಿ ಅಚ್ಚಾದದ್ದು. ಕೂಡಿದ ಮಾತ್ರಕ್ಕೆ ಪುಸ್ತಕ ಅಸಲಿ ಎಂದೂ ಅಲ್ಲ, ಅಸಲಿಯ ಸಂಖ್ಯೆಯನ್ನೇ ನಕಲಿಗೂ ಹಾಕುತ್ತಾರೆ. ಹಾಗಾಗಿ ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಹುಡುಕಿ, ಅದು ಯಾವ ಆವೃತ್ತಿಯದ್ದು ಎಂದು ನೋಡಿ. ಗಟ್ಟಿರಟ್ಟಿಗೆ ಒಂದು ಸಂಖ್ಯೆ, ಪೇಪರ್‌ಬ್ಯಾಕ್‌ಗೆ ಇನ್ನೊಂದು. ಕೈಯಲ್ಲಿ ಪೇಪರ್‌ಬ್ಯಾಕ್, ಸಂಖ್ಯೆ ಗಟ್ಟಿರಟ್ಟಿನದು ಎಂದಾದರೆ ಅಲ್ಲೇ ಇಟ್ಟು ಬನ್ನಿ.

ಕಾಪಿರೈಟ್ ಪುಟದ ಕೆಳಗೆ 1 3 5 7 9 10 8 6 4 2 ಎಂಬಂಥ ಅಂಕಿಸಾಲು ಇದ್ದರೆ, ಅದರಲ್ಲಿರುವ ಅತಿ ಚಿಕ್ಕ ಅಂಕಿಯೇ ಮುದ್ರಣದ ಸಂಖ್ಯೆ. 1 ಅಳಿಸಿ 2 ಉಳಿದಿದ್ದರೆ ಎರಡನೇ ಮುದ್ರಣ. ಮೇಲೆ ಹೇಳಿದ ತಂದೆ ತಾಯಿಯ ನೆರಳಿನಂಥ ತಿದ್ದುಪಡಿ ನಿಮ್ಮ ಪ್ರತಿಯಲ್ಲಿ ಆಗಿದೆಯೇ ಎಂದು ತಿಳಿಯಲು ಇದು ಮೊದಲ ಸುಳಿವು. ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ ನಕಲಿ ಎಂದು ಗಾಬರಿಯಾಗಬೇಡಿ. ಕಡಿಮೆ ಬೆಲೆಯ ಅಧಿಕೃತ ಮುದ್ರಣ ಅದು, ಪಠ್ಯ ಅದೇ.

ಬೂಷ್ಟು ಬಾರದ ಹಾಗೆ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯ ತೇವ ಶೇ. 65ರಿಂದ 70 ದಾಟಿ ಕೆಲವು ದಿನ ಹಾಗೇ ನಿಂತರೆ ಕಾಗದದ ಮೇಲೆ ಬೂಷ್ಟು ಹಿಡಿಯುತ್ತದೆ, ನಮ್ಮಲ್ಲಿ ಜುಲೈ ಪೂರ್ತಿ ಅದಕ್ಕಿಂತ ಮೇಲೆಯೇ ಇರುತ್ತದೆ. ಬೆಂಗಳೂರಿನವರು ಹೇಳುವ ಪುಸ್ತಕ ಜೋಪಾನದ ಉಪಾಯ ಇಲ್ಲಿ ನಡೆಯುವುದಿಲ್ಲ.

ಕಪಾಟನ್ನು ಹೊರಗೋಡೆಗೆ, ಅದರಲ್ಲೂ ಮಳೆ ಬಡಿಯುವ ಪಶ್ಚಿಮದ ಗೋಡೆಗೆ ಒರಗಿಸಬೇಡಿ. ಕೆಂಪುಕಲ್ಲಿನ ಗೋಡೆ ನೀರು ಹೀರಿ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಒಳಗೋಡೆಗೆ, ಅದೂ ನಾಲ್ಕು ಬೆರಳು ಬಿಟ್ಟು ಇಡಿ. ಪುಸ್ತಕಗಳನ್ನು ಒತ್ತೊತ್ತಾಗಿ ತುಂಬಬೇಡಿ, ಬೆರಳು ತೂರಿಸುವಷ್ಟು ಸಡಿಲ ಇರಲಿ. ಸ್ಟೀಲ್ ಕಪಾಟು ಸುರಕ್ಷಿತ ಎಂದು ಮುಚ್ಚಿಟ್ಟರೆ ಒಳಗಿನ ತೇವ ಒಳಗೇ ಬೆವರುತ್ತದೆ; ತೇವ ಹೀರುವ ಸಿಲಿಕಾ ಜೆಲ್ ಹರಳುಗಳಿಲ್ಲದೆ ಮುಚ್ಚುವುದಕ್ಕಿಂತ ತೆರೆದ ಕಪಾಟು, ಫ್ಯಾನಿನ ಗಾಳಿ ಮೇಲು.

ಸಿಲಿಕಾ ಜೆಲ್ ಕೆಲಸ ಮಾಡುವುದು ಗಾಳಿಯಾಡದ ಡಬ್ಬದಲ್ಲಿ ಮಾತ್ರ. ರಬ್ಬರ್ ಅಂಚಿನ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆ ತನ್ನಿ, ಮೇ ತಿಂಗಳ ಒಣಬಿಸಿಲಿನ ದಿನಗಳಲ್ಲೇ ಪುಸ್ತಕ ಒಳಗಿಟ್ಟು ಜೆಲ್ ಹಾಕಿ ಮುಚ್ಚಿ. ಜೂನ್‌ನಲ್ಲಿ ತುಂಬಿದರೆ ತೇವವನ್ನೂ ಸೇರಿಸಿ ಮುಚ್ಚಿದಂತೆ. ಬಣ್ಣ ಬದಲಿಸುವ ಜೆಲ್ಲೇ ಕೊಳ್ಳಿ: ಕಿತ್ತಳೆ ಬಣ್ಣದ್ದು ತೇವ ತುಂಬಿದಾಗ ಹಸಿರಾಗುತ್ತದೆ. ಆಗ ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ನಡುವೆ ಓದಬೇಕಾದ ಒಂದೆರಡು ಪುಸ್ತಕ ಹೊರಗಿರಲಿ. ದಿನಾ ಕೈಯಲ್ಲಿ ತಿರುಗುವ ಪುಸ್ತಕಕ್ಕೆ ಬೂಷ್ಟು ಸುಲಭಕ್ಕೆ ಹಿಡಿಯದು.

ಶಾಲೆಯ ಪುಸ್ತಕದಂತೆ ಬೈಂಡ್ ಹಾಕುವವರು ಪ್ಲಾಸ್ಟಿಕ್ ಹಾಳೆಯನ್ನು ಪುಸ್ತಕಕ್ಕೆ ಟೇಪಿನಿಂದ ಅಂಟಿಸಬಾರದು. ಟೇಪಿನ ಅಂಟು ಹಳದಿಯಾಗಿ ರಕ್ಷಾಪುಟದ ಬಣ್ಣ ಕೀಳುತ್ತದೆ. ಹಾಳೆಯನ್ನು ಒಳಕ್ಕೆ ಮಡಚಿ, ಹಾಳೆಗೆ ಹಾಳೆಯನ್ನೇ ಅಂಟಿಸಿ.

ಬೂಷ್ಟು ಕಂಡರೆ ಮೊದಲು ಆ ಪುಸ್ತಕವನ್ನು ಉಳಿದವುಗಳಿಂದ ಬೇರೆ ಮಾಡಿ. ಒದ್ದೆಬಟ್ಟೆಯಿಂದ ಒರೆಸಬೇಡಿ, ಬೂಷ್ಟು ಕಾಗದದ ನಾರಿನೊಳಗೆ ಇಳಿಯುತ್ತದೆ. ಫ್ಯಾನಿನಡಿ, ನೆರಳಿನಲ್ಲಿ ಪೂರ್ತಿ ಒಣಗಿಸಿ. ಒಣಗಿ ಪುಡಿಯಾದ ಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಮೆತ್ತನೆಯ ಬ್ರಶ್‌ನಿಂದ ಕೊಡವಿ. ನೇರ ಬಿಸಿಲಿಗೆ ಗಂಟೆಗಟ್ಟಲೆ ಇಟ್ಟರೆ ರಟ್ಟು ಮುದುಡುತ್ತದೆ, ಕಾಗದ ಹಳದಿಯಾಗುತ್ತದೆ. ಹೇರ್‌ಡ್ರೈಯರ್ ಅಂತೂ ಬೇಡ. ಪೇಪರ್‌ಬ್ಯಾಕ್‌ನ ಬೆನ್ನಿನ ಅಂಟು ಬಿಸಿಗೆ ಮೆತ್ತಗಾಗಿ ಹಾಳೆಗಳು ಕಳಚುತ್ತವೆ.

ಬ್ಯಾಗಿನಲ್ಲೇ ನೆನೆದು ತೊಪ್ಪೆಯಾದ ಪುಸ್ತಕಕ್ಕೂ ದಾರಿಯಿದೆ. ತಕ್ಷಣ ಒಣಗಿಸಲು ಆಗದಿದ್ದರೆ, ಹಾಳೆ ಬಿಡಿಸಲು ಹೋಗದೆ ಜಿಪ್ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಬೂಷ್ಟು ಅಲ್ಲಿಗೇ ನಿಲ್ಲುತ್ತದೆ. ಮಳೆ ಬಿಡುವು ಕೊಟ್ಟಾಗ ಹೊರತೆಗೆದು ಕರಗಿದ ಮೇಲೆ ಹತ್ತು ಹದಿನೈದು ಹಾಳೆಗೊಂದರಂತೆ ಟಿಶ್ಯೂ ಕಾಗದ ಇಟ್ಟು, ಒದ್ದೆಯಾದಂತೆ ಬದಲಿಸುತ್ತ ಫ್ಯಾನಿನಡಿ ಒಣಗಿಸಿ, ಕೊನೆಗೆ ಎರಡು ಹಲಗೆಗಳ ನಡುವೆ ಭಾರ ಹೇರಿಡಿ. ಹಾಳೆ ಅಲೆಅಲೆಯಾಗಿಯೇ ಉಳಿಯುತ್ತದೆ, ಓದಲು ತೊಂದರೆಯಿಲ್ಲ. ಚಿತ್ರವಿರುವ ನುಣುಪು ಕಾಗದದ ಆವೃತ್ತಿಗಳಿಗೆ ಮಾತ್ರ ಇದು ಹಿಡಿಸದು: ಒಮ್ಮೆ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು ಒಣಗಿದರೆ ಆ ಹಾಳೆಗಳು ಹರಿಯದೆ ಬಿಡುವುದಿಲ್ಲ. ಅಂಥ ಪುಸ್ತಕವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲೆಗೂ ಒಯ್ಯಬೇಡಿ, ಯಾರಿಗೂ ಎರವಲು ಕೊಡಬೇಡಿ.